ಹುಡುಕಿದೆವು, ಸಿಗಲಿಲ್ಲ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಒಬ್ಬರು ಗುರುಗಳು. ವಯಸ್ಸು ಎಷ್ಟೆಂದು ಅವರಿಗೇ ತಿಳಿಯದು. ಶಿಷ್ಯರೂ ಊರವರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಆ ಆಶ್ರಮ ಸೇರುವವರು ಹಳೆಯ ಹೆಸರನ್ನು ಹೊಳೆಗೆ ಬಿಡಬೇಕಿತ್ತು. ಸೊಂಟಮಟ್ಟ ನೀರಿನಲ್ಲಿ ನಿಂತು, ಮನೆಯವರು ಇಟ್ಟ ಹೆಸರನ್ನು ಕೊನೆಯ ಸಲ ಗಟ್ಟಿಯಾಗಿ ಹೇಳಿ, ಮುಳುಗಿ ಏಳಬೇಕು. ದಂಡೆಯಲ್ಲಿ ಅಜ್ಜಾರೊಬ್ಬರೇ ನಿಂತು ಅದನ್ನು ಕೇಳಿಸಿಕೊಳ್ಳುವರು. ಎದ್ದವನಿಗೆ ಹೊಸ ಹೆಸರು ಕೊಡುವರು.

ಆಮೇಲೆ ಹಳೆಯ ಹೆಸರನ್ನು ಯಾರೂ ಆಡುವಂತಿಲ್ಲ, ಬರೆಯುವಂತಿಲ್ಲ. ಬಿಟ್ಟವನೂ ಅಷ್ಟೇ.

ಇನ್ನೊಂದು ಪದ್ಧತಿಯೂ ಇತ್ತು. ಸಂಜೆ ಪ್ರಾರ್ಥನೆ ಮುಗಿದ ಮೇಲೆ ಆ ದಿನ ಬಂದ ಕಾಗದಗಳನ್ನೆಲ್ಲ ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ದಾನಿಗಳ ಕಾಗದ, ಮದುವೆಯ ಕರೆಯೋಲೆ, ಕರೆಂಟಿನವರ ನೋಟಿಸು, ಯಾರೋ ಭಕ್ತರು ಬರೆದ ಉದ್ದುದ್ದದ ಪದ್ಯ, ಒಂದೂ ಬಿಡದೆ. ಪದ್ಯ ಬಂದ ದಿನ ಅಡುಗೆಯವರು ಮೆಲ್ಲಗೆ ಎದ್ದು ಹೋಗಿಬಿಡುತ್ತಿದ್ದರು.

ಮನೆ ಬಿಟ್ಟು ಹೋದವರನ್ನು ಹುಡುಕುವ ಕಾಗದಗಳೂ ಅದರಲ್ಲೇ ಬರುತ್ತಿದ್ದವು. ಅಂಥದ್ದನ್ನು ಓದುವಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅದು ಯಾರಿಗೆ ಸೇರಬೇಕೋ ಅವನು ಮರುದಿನ ಅಜ್ಜಾರ ಬಳಿ ಹೋಗಿ ಮನೆಗೆ ಬರೆಯಲು ಒಂದು ಕಾರ್ಡು ಕೇಳುತ್ತಿದ್ದ. ಕೇಳದೆ ಸುಮ್ಮನೂ ಇರಬಹುದಿತ್ತು. ಅದು ಅವನಿಷ್ಟ.

ಹೀಗಿರುವಾಗ ಸುಬೋಧ ಬಂದ.

ಪೂರ್ವಾಶ್ರಮದಲ್ಲಿ ಅವನು ಯಾವುದೋ ದೊಡ್ಡ ಕಚೇರಿಯಲ್ಲಿ ಕಡತಗಳನ್ನು ನೋಡಿಕೊಳ್ಳುತ್ತಿದ್ದವನು. ಹೆಸರನ್ನೇನೋ ಹೊಳೆಗೆ ಬಿಟ್ಟ. ಕೈಯ ಅಭ್ಯಾಸ ಬಿಡಲಿಲ್ಲ. ಅಜ್ಜಾರು ಅವನನ್ನು ಆಶ್ರಮದ ಆಫೀಸಿಗೆ ಹಾಕಿದರು.

ಆಫೀಸೆಂದರೆ ಒಂದು ಕೋಣೆ, ಗೆದ್ದಲು ಹತ್ತಿದ ಕಪಾಟುಗಳು, ಬಟ್ಟೆಯಲ್ಲಿ ಕಟ್ಟಿಟ್ಟ ಫೈಲುಗಳು, ಒಬ್ಬ ಭಕ್ತ ಕೊಟ್ಟ ಕಂಪ್ಯೂಟರು. ಇ-ಮೇಲ್ ಬರುತ್ತಿತ್ತು, ಯಾರಿಗೆ ಬಿಡುವಾದರೆ ಅವರು ತೆರೆಯುತ್ತಿದ್ದರು. ಹಳೆಯ ರಸೀದಿಯೊಂದು ಬೇಕೆಂದರೆ ಇಡೀ ದಿನ ಧೂಳು ಕುಡಿಯಬೇಕು. ಸಿಕ್ಕರೆ ಪುಣ್ಯ.

ಸುಬೋಧನಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. ಟೊಂಕ ಕಟ್ಟಿ ನಿಂತ. ಫೈಲುಗಳನ್ನೆಲ್ಲ ಬಿಚ್ಚಿ ಸ್ಕ್ಯಾನ್ ಮಾಡಿದ. ಮೇಲ್‌ಗಳನ್ನು ವರ್ಷವಾರು ಜೋಡಿಸಿದ. ರಸೀದಿ, ಅತಿಥಿಗಳ ಪುಸ್ತಕ, ಜಮೀನಿನ ಪತ್ರ, ಎಲ್ಲವನ್ನೂ ಒಂದೇ ಕಡೆ ತಂದ. ಕೊನೆಗೆ ಒಂದು ಚೌಕ ಉಳಿಯಿತು. ಅದರಲ್ಲಿ ಒಂದು ಹೆಸರು ಬರೆದು ಒತ್ತಿದರೆ ಸಾಕು. ಆಶ್ರಮದ ಅಷ್ಟೂ ಕಾಗದ ಒಮ್ಮೆಲೇ ಜಾಲಾಡಿ ಉತ್ತರ ಬರುತ್ತಿತ್ತು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಆಶ್ರಮದವರೆಲ್ಲ ಬಂದು ನೋಡಿದರು. ಅವರಿಗೂ ಖುಷಿಯಾಯಿತು. ಕೆಲಸ ಮಾಡಿದವನಿಗೆ ಸ್ವಲ್ಪ ಹಮ್ಮು ಬಂದರೆ ತಪ್ಪೇನಿಲ್ಲ, ಸುಬೋಧನಿಗೂ ಬಂತು.

ಒಂದು ದಿನ ಅವನು ಅಜ್ಜಾರ ಮುಂದೆ ಕೈ ಮುಗಿದು ನಿಂತ. ಇನ್ನು ಸಂಜೆ ಕಾಗದ ಓದುವುದು ಬೇಡವೆಂದ. ತಾನು ಬಂದ ಬಂದ ಹಾಗೆ ನೋಡಿ, ಹುಡುಕಿ, ಆಗಿಂದಾಗ ಉತ್ತರ ಕಳಿಸುತ್ತೇನೆಂದ. ಅಷ್ಟು ಹೊತ್ತು ಎಲ್ಲರೂ ಧ್ಯಾನಕ್ಕೆ ಕೂರಬಹುದಲ್ಲ ಎಂದ.

“ಏನ ಬೇಕಂದ್ರೂ ಸಿಗತೈತೇನು ಅದರಾಗ?” ಅಜ್ಜಾರು ಕೇಳಿದರು.

“ಏನ ಬೇಕಂದ್ರೂ ಸಿಗತೈತ್ರಿ ಅಜ್ಜಾ.”

“ಏನ ಬೇಕಾಗೈತಿ ಅನ್ನೂದು ಗೊತ್ತಿಲ್ಲದಾಗ?”

ಸುಬೋಧ ನಕ್ಕ. “ಗೊತ್ತಿಲ್ಲದ್ದನ್ನ ಯಾಕ ಹುಡುಕಬೇಕ್ರಿ?”

ಅಜ್ಜಾರು ಆಗಲಿ ಎಂದರು. ಅಂದಿನಿಂದ ಪಡಸಾಲೆಯ ಓದು ನಿಂತಿತು.

ಮನೆ ಬಿಟ್ಟವರನ್ನು ಹುಡುಕುವ ಕಾಗದಗಳಿಗೆ ಸುಬೋಧ ಒಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದ. “ತಾವು ಕೇಳಿದ ಹೆಸರನ್ನು ಆಶ್ರಮದ ಎಲ್ಲ ದಾಖಲೆಗಳಲ್ಲಿ ಹುಡುಕಿದೆವು. ಸಿಗಲಿಲ್ಲ. ತಮಗೆ ಒಳ್ಳೆಯದಾಗಲಿ.” ಮೇಲ್ ಬಂದ ಕೂಡಲೇ ಅದರಲ್ಲಿದ್ದ ಹೆಸರನ್ನಷ್ಟೇ ಕಣ್ಣಲ್ಲಿ ಹೆಕ್ಕಿ ಚೌಕದಲ್ಲಿ ಹಾಕುತ್ತಿದ್ದ. ಇಲ್ಲ ಎಂದು ಬರುತ್ತಿತ್ತು. ಉತ್ತರ ಹೋಗುತ್ತಿತ್ತು. ಚಹಾ ಆರುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ.

ಹೊಳೆಗೆ ಬಿಟ್ಟ ಹೆಸರು ಕಾಗದದಲ್ಲಿ ಸಿಗುವುದಾದರೂ ಹೇಗೆ? ಈ ಮಾತು ಸುಬೋಧನಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ತಾನೂ ಅದೇ ನೀರಿನಲ್ಲಿ ಮುಳುಗಿ ಎದ್ದವನೇ. ಆದರೆ ಕೆಲಸ ಸರಾಗವಾಗಿ ಸಾಗುತ್ತಿರುವಾಗ ಗೊತ್ತಿದ್ದದ್ದು ನೆನಪಿಗೆ ಬರುವುದಿಲ್ಲ. ನಮಗೆಲ್ಲ ಹೀಗೇ ಆಗುತ್ತದೆ, ಅವನೊಬ್ಬನನ್ನು ಏನೆಂದು ಬೈಯುವುದು.

ಒಂದು ಬೇಸಿಗೆಯಲ್ಲಿ ಫಕೀರವ್ವ ಎಂಬ ಹೆಂಗಸಿನಿಂದ ಮೇಲ್ ಬಂತು. ದೂರದ ತಾಲೂಕಿನವಳು. ಝೆರಾಕ್ಸ್ ಅಂಗಡಿಯವನಿಗೆ ಹೇಳಿ ಬರೆಸಿದ್ದಳು. ಮನೆ ಬಿಟ್ಟು ಹೋದ ತಮ್ಮನನ್ನು ಹುಡುಕುತ್ತಿದ್ದಳು. ಅವನ ಹೆಸರು ಕರಬಸಪ್ಪ.

ಸುಬೋಧ ಆ ಹೆಸರನ್ನು ಚೌಕದಲ್ಲಿ ಹಾಕಿ ಒತ್ತಿದ. ಇಲ್ಲ. ಉತ್ತರ ಕಳಿಸಿದ.

ದಸರೆಯ ಹೊತ್ತಿಗೆ ಆಕೆಯ ಇನ್ನೊಂದು ಮೇಲ್ ಬಂತು. ಈ ಸಲ ಹುಡುಕಿದಾಗ ಎರಡು ಸಿಕ್ಕವು. ಒಂದು ಆಕೆಯದೇ ಹಳೆಯ ಮೇಲ್. ಇನ್ನೊಂದು ಅದಕ್ಕೆ ತಾನೇ ಕೊಟ್ಟಿದ್ದ ಉತ್ತರ, ಅದರ ಕೆಳಗೂ ಆಕೆಯ ಮೇಲ್ ಅಂಟಿಕೊಂಡಿತ್ತು. ಸಿಗಲಿಲ್ಲ ಎಂದು ಮೊದಲೇ ತಿಳಿಸಿದ್ದೇವಲ್ಲ ಎಂದು ಸುಬೋಧನಿಗೆ ತುಸು ಬೇಸರವೂ ಆಯಿತು. ಅದೇ ಉತ್ತರವನ್ನು ಮತ್ತೆ ಕಳಿಸಿದ.

ಮುಂದಿನ ಮಳೆಗಾಲದಲ್ಲಿ ಮತ್ತೊಂದು ಬಂತು. ಆಗ ಆಫೀಸಿನ ಕಡೆ ಅವನಿಗೆ ಗಮನವಿರಲಿಲ್ಲ. ಪಕ್ಕದ ಕೋಣೆಯ ನಿಜಾನಂದ ಕಾಮಾಲೆಯಾಗಿ ಮಲಗಿಬಿಟ್ಟಿದ್ದ. ತೋಟ ನೋಡಿಕೊಳ್ಳುತ್ತಿದ್ದವನು, ಮಾತು ಕಡಿಮೆ. ಅವನ ಸೇವೆಗೆ ಸುಬೋಧ ನಿಂತ. ಗಂಜಿ ಕುಡಿಸಿದ, ಮೈ ಒರೆಸಿದ, ನಡುನಡುವೆ ಓಡಿಹೋಗಿ ಬಂದ ಮೇಲ್‌ಗಳಿಗೆ ಉತ್ತರವನ್ನೂ ಒತ್ತಿ ಬಂದ.

ನಿಜಾನಂದ ಉಳಿಯಲಿಲ್ಲ. ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು. ಅಲ್ಲಿ ಯಾರ ಸಮಾಧಿಯ ಮೇಲೂ ಹೆಸರು ಬರೆಯುವುದಿಲ್ಲ, ಒಂದು ಕಲ್ಲು ಇಡುತ್ತಾರೆ. ಸುಬೋಧ ಅತ್ತ. ಒಳ್ಳೆಯ ಗೆಳೆಯ ಹೋದನೆಂದು ನಿಜವಾಗಿಯೂ ಅತ್ತ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಆಶ್ರಮಕ್ಕೆ ಬಂದಳು. ಕೈಯಲ್ಲೊಂದು ವಾಯರ್ ಚೀಲ, ಕಾಲಲ್ಲಿ ಸವೆದ ಚಪ್ಪಲಿ. ಅಜ್ಜಾರು ಜಗಲಿಯ ಮೇಲೆ ಕೂತಿದ್ದರು. ಆಕೆ ಅವರಿಗೆ ಕೈ ಮುಗಿದು, ತಾನು ಫಕೀರವ್ವ ಎಂದೂ ತಮ್ಮನನ್ನು ಹುಡುಕಿ ಬಂದೆನೆಂದೂ ಹೇಳಿದಳು. ಅವನ ಹೆಸರು ಕರಬಸಪ್ಪ ಎಂದಳು.

ಅಜ್ಜಾರು ಕಣ್ಣು ಮುಚ್ಚಿದರು.

ಸುಬೋಧ ಒಳಗಿನಿಂದ ಬಂದ. ಆಕೆ ಯಾರೆಂದು ತಿಳಿದು ನೀರು ಕೊಟ್ಟ. ಇಷ್ಟು ದೂರ ಬರಬೇಕಾಗಿರಲಿಲ್ಲ, ತಾನು ತಿಳಿಸಿದ್ದೆನಲ್ಲ ಎಂದ. ಬಂದದ್ದಕ್ಕೆ ಇನ್ನೊಂದು ಸಲ ನೋಡುತ್ತೇನೆಂದು ಆಫೀಸಿಗೆ ಹೋಗಿ ನೋಡಿಯೂ ಬಂದ.

“ಸಿಗಲಿಲ್ಲ ಅಕ್ಕಾ.”

ಫಕೀರವ್ವ ತಲೆಯಾಡಿಸಿದಳು. ಸಿಟ್ಟಿಲ್ಲ, ಅಳುವಿಲ್ಲ. ಎಷ್ಟೋ ಬಾಗಿಲಲ್ಲಿ ಇದನ್ನೇ ಕೇಳಿಸಿಕೊಂಡವಳಂತೆ ಚೀಲ ಎತ್ತಿಕೊಂಡಳು.

ಅಜ್ಜಾರು ಕಣ್ಣು ತೆರೆದರು. “ಸುಬೋಧ, ಆಕೀ ಕಾಗದ ತಂದು ಓದು.”

“ಅಜ್ಜಾ, ಹೆಸರ ಹಾಕಿ ನೋಡೀನ್ರಿ. ಇಲ್ಲ.”

“ಓದು ಅಂದೆ.”

ಅವನು ಮೊದಲ ಮೇಲನ್ನು ಪ್ರಿಂಟ್ ತೆಗೆದು ತಂದ. ಗುರುವಿನ ಮಾತೆಂದು ನಿಂತುಕೊಂಡೇ ಓದತೊಡಗಿದ. ಜಗಲಿಯ ಆಚೆ ಶೇಂಗಾ ಬಿಡಿಸುತ್ತಿದ್ದ ಇಬ್ಬರು ಶಿಷ್ಯರು ಕಿವಿಗೊಟ್ಟರು. ಆಶ್ರಮದಲ್ಲಿ ಕಾಗದ ಓದಿ ವರ್ಷಗಳಾಗಿದ್ದವು.

ಪೂಜ್ಯರಿಗೆ ಸಾಷ್ಟಾಂಗ ನಮಸ್ಕಾರ ಎಂದು ಕಾಗದ ಶುರುವಾಗಿತ್ತು. ತಂದೆತಾಯಿ ಸತ್ತಾಗ ತಮ್ಮ ಇನ್ನೂ ತೊಡೆಯ ಮೇಲಿನ ಕೂಸು. ತಾನೇ ಸಾಕಿದೆ ಎಂದಿತ್ತು. ನಂತರ ಅವನ ಗುರುತುಗಳಿದ್ದವು.

ಆಳು ಎತ್ತರ, ಸ್ವಲ್ಪ ಬಾಗಿ ನಡೆಯುತ್ತಾನೆ. ಸುಬೋಧ ಸರಾಗವಾಗಿ ಓದಿದ. ಬಾಗಿ ನಡೆಯುವವರು ಲೋಕದಲ್ಲಿ ಬೇಕಾದಷ್ಟು ಜನ.

ರೊಟ್ಟಿಯನ್ನು ಮೊದಲು ಪೂರ್ತಿ ಮುರಿದು ಚೂರು ಮಾಡಿಟ್ಟುಕೊಂಡು ಆಮೇಲೆ ಉಣ್ಣುತ್ತಾನೆ.

ಅವನ ದನಿ ನಿಧಾನವಾಯಿತು.

ಕೆಲಸ ಮಾಡುವಾಗ ಬಾಯೊಳಗೇ ಏನೋ ಗುನುಗುತ್ತಿರುತ್ತಾನೆ. ಯಾವ ಹಾಡು ಎಂದು ಕೇಳಿದರೆ ಹಾಡಲ್ಲ ಎನ್ನುತ್ತಾನೆ.

ಶೇಂಗಾ ಬಿಡಿಸುತ್ತಿದ್ದವರ ಕೈ ನಿಂತಿತು. ಒಬ್ಬ ಇನ್ನೊಬ್ಬನ ಮುಖ ನೋಡಿದ.

ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಚಿಕ್ಕವನಿದ್ದಾಗ ನಾನು ದಿನಾ ಎಣ್ಣೆ ಹಚ್ಚಿ ನೀವಿ ಸರಿ ಮಾಡಲು ನೋಡಿದೆ, ಸರಿಯಾಗಲಿಲ್ಲ.

ಸುಬೋಧನಿಗೆ ಮುಂದೆ ಓದಲಾಗಲಿಲ್ಲ. ಆ ಕಾಲನ್ನು ಅವನು ತನ್ನ ಕೈಯಾರೆ ತೊಳೆದಿದ್ದ. ಮಣ್ಣಿಗಿಡುವ ಮುಂಚೆ ಕೊನೆಯ ಸಲ ಒರೆಸುವಾಗ ಆ ಬೆರಳಿನ ಸಂದಿಯಲ್ಲಿ ಬಟ್ಟೆ ಸಿಕ್ಕಿಕೊಂಡಿತ್ತು.

ಫಕೀರವ್ವ ಅವನ ಮುಖ ನೋಡಿದಳು, ಆಮೇಲೆ ಅಲ್ಲಿದ್ದ ಒಬ್ಬೊಬ್ಬರ ಮುಖ ನೋಡಿದಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

“ಇಲ್ಲೇ ಅದಾನೇನ್ರಿ?” ಎಂದಳು. ಆ ಮಾತಿನಲ್ಲಿ ಎಂಥ ಆಸೆಯಿತ್ತೆಂದರೆ ಸುಬೋಧನಿಗೆ ಅಲ್ಲೇ ಭೂಮಿಗಿಳಿದು ಹೋಗೋಣ ಅನ್ನಿಸಿತು.

ಅಜ್ಜಾರು ಎದ್ದರು. ಬಡಿಗೆ ಊರಿಕೊಂಡು ಜಗಲಿ ಇಳಿದು ಹೊಳೆಯ ದಾರಿ ಹಿಡಿದರು. ಆಕೆ ಚೀಲ ಅಲ್ಲೇ ಬಿಟ್ಟು ಹಿಂದೆ ನಡೆದಳು. ಮೊದಮೊದಲು ಅವಸರದಿಂದ ನಡೆದಳು. ತೋಟದಲ್ಲಿ ಕೆಲಸ ಮಾಡುವವರನ್ನೆಲ್ಲ ಇವನೋ ಅವನೋ ಎಂದು ನೋಡುತ್ತಾ ನಡೆದಳು. ತೋಟ ದಾಟಿತು. ಮುಂದೆ ಕಲ್ಲುಗಳಷ್ಟೇ ಇದ್ದವು. ಆಗ ಅವಳ ಹೆಜ್ಜೆ ಸಣ್ಣವಾದವು.

ಒಂದು ಕಲ್ಲಿನ ಮುಂದೆ ಅಜ್ಜಾರು ನಿಂತರು. ಅದರ ಸುತ್ತ ಮಣ್ಣಿನ್ನೂ ಸರಿಯಾಗಿ ಕೂತಿರಲಿಲ್ಲ, ಹುಲ್ಲು ಪೂರ್ತಿ ಎದ್ದಿರಲಿಲ್ಲ.

ಫಕೀರವ್ವ ನಿಂತೇ ಇದ್ದಳು. ಬಹಳ ಹೊತ್ತಿನ ಮೇಲೆ ಕೂತಳು. ಕಲ್ಲನ್ನು ಮುಟ್ಟಲಿಲ್ಲ, ಪಕ್ಕದ ಮಣ್ಣನ್ನು ಅಂಗೈಯಿಂದ ನೀವತೊಡಗಿದಳು.

ಅಜ್ಜಾರು ಹಿಂದಿರುಗಿದರು. ಹಿಂದೆಯೇ ಬಂದಿದ್ದ ಸುಬೋಧ ಅಲ್ಲೇ ಉಳಿದ. ಹೋಗಲು ಕಾಲು ಬರಲಿಲ್ಲ, ಹತ್ತಿರ ಕೂರಲು ಮುಖವಿರಲಿಲ್ಲ. ದೂರದಲ್ಲಿ ಅಪರಾಧಿಯಂತೆ ನಿಂತಿದ್ದ. ಅಪರಾಧಿಯೇ ಅವನು.

ಆಕೆಯೇ ಕರೆದಳು. ಯಾವಾಗ, ಏನಾಗಿ ಎಂದು ಕೇಳಿದಳು. ಅವನು ಹೇಳಿದ, ಸೇವೆ ಮಾಡಿದವನು ತಾನೇ ಎಂದೂ ಹೇಳಿದ. ಮಳೆಗಾಲ ಎಂದಾಗ ಆಕೆ ಬೆರಳು ಮಡಚಿ ಏನೋ ಲೆಕ್ಕ ಹಾಕಿ ಅರ್ಧಕ್ಕೇ ಬಿಟ್ಟಳು. ಹೊಳೆಗೆ ಬಿಟ್ಟ ಹೆಸರಿನ ಪದ್ಧತಿಯನ್ನೂ ಅವನು ಹೇಳಿದ. ತಾನು ಹುಡುಕುತ್ತಿದ್ದ ರೀತಿಯನ್ನೂ ಹೇಳಿದ. ಮುಚ್ಚಿಡಬೇಕು ಅನ್ನಿಸಿತ್ತು, ಆದರೂ ಹೇಳಿದ.

“ನಿಮ್ಮ ಕಾಗದ ನಾ ಓದಿರಲಿಲ್ಲ ಅಕ್ಕಾ. ಹೆಸರಷ್ಟ ನೋಡೀನಿ.”

ಆಕೆ ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಆಕೆ ಬೈಯಲಿಲ್ಲ.

“ಉಳದ ಮಠದಾವ್ರು ಉತ್ತರಾನ ಬರೀಲಿಲ್ರಿ,” ಎಂದಳು. “ಉತ್ತರ ಬರದ ಕಡೆಗೆಲ್ಲ ಖುದ್ದು ಹೋಗಿ ಬಂದೆ. ನೀವೊಬ್ರ ಕಾಗದ ಹಾಕಿದ ಗಳಿಗ್ಯಾಗ ಹೇಳತಿದ್ರಿ. ಇಷ್ಟು ಲಗೂನ ಹೇಳತಾರಂದ್ರ ಅಲ್ಲಿರೂ ಒಬ್ಬೊಬ್ಬರನ್ನೂ ಬಲ್ಲವರ ಇರಬೇಕು ಅನಕೊಂಡೆ. ಅದಕ್ಕ ಇಲ್ಲಿಗೆ ಕಡೀಕ ಬಂದೆ.”

ಸುಬೋಧ ತಡವಾಗಿ ಉತ್ತರಿಸಿದ್ದರೂ ಸಾಕಿತ್ತು. ಉತ್ತರಿಸದೇ ಇದ್ದಿದ್ದರೂ ಸಾಕಿತ್ತು. ಆ ಮೊದಲ ಬೇಸಿಗೆಯಲ್ಲೇ ಬಂದಿರುತ್ತಿದ್ದಳು. ಆಗ ನಿಜಾನಂದ ಇದೇ ತೋಟದಲ್ಲಿ ಬದನೆ ಸಸಿಗಳಿಗೆ ನೀರು ಬಿಡುತ್ತಿದ್ದ.

ಆಕೆ ತಾನಾಗಿಯೇ ಹೇಳಿಕೊಂಡಳು. ತಮ್ಮನಿಗೊಂದು ಹೆಣ್ಣು ಗೊತ್ತು ಮಾಡಿದ್ದಳು. ಬೀಗರು ಬಂದು ಕೂತಾಗ ಅವನು ಮದುವೆಯೇ ಬೇಡವೆಂದುಬಿಟ್ಟ. ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತೆಂದು ಆಕೆಗೆ ಕೆಂಡದಂಥ ಸಿಟ್ಟು ಬಂತು. ನನಗೆ ಮತ್ತೆ ನಿನ್ನ ಮುಖ ತೋರಿಸಬೇಡ ಎಂದಿದ್ದಳು. ಸಿಟ್ಟಿನಲ್ಲಿ ಆಡುವ ಮಾತು, ಯಾವ ಅಕ್ಕ ಆಡಿಲ್ಲ.

“ನಾ ಹೇಳಿದ ಮಾತು ಒಂದೂ ಕೇಳದಾಂವ. ಅದೊಂದ ಮಾತು ಕೇಳಿದ ನೋಡ್ರಿ.”

ಹೊಳೆಯ ಮೇಲಿನ ಗಾಳಿ ತಣ್ಣಗಾಗುತ್ತಿತ್ತು. ಆಕೆ ಸೆರಗು ಹೊದ್ದುಕೊಂಡಳು. ಅವಳು ಕೇಳಬೇಕೆಂದು ಬಂದದ್ದು ಒಂದೇ ಮಾತು. ಅದನ್ನು ಈಗ ಕೇಳಿದಳು.

“ನೀವ ಜ್ವಾಕಿ ಮಾಡೀರಿ ಅಂತೀರಿ. ಸಾಯೂಮುಂದ ನನ್ನ ಮ್ಯಾಲ ಸಿಟ್ಟಿತ್ತೇನ್ರಿ ಅವಗ? ನನ್ನ ನೆನಸಿ ಏನರ ಅಂದನೇನು?”

ಸುಬೋಧ ಬಾಯಿ ತೆರೆದ. ಆಕೆ ನೀವಿದ ಮಣ್ಣಿನ ಕಡೆ ನೋಡಿದ.

“ಏನೂ ಅನ್ನಲಿಲ್ಲ ಅಕ್ಕಾ,” ಎಂದ.

ಆಕೆ ಆಗಲಿ ಎಂದಳು. ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡಳು. ಉಂಡು ಹೋಗಿರೆಂದು ಅಡುಗೆಯವರು ಕರೆದರು, ಒಲ್ಲೆನೆಂದಳು. ಉಳಿಯಲು ಹೇಳಿದರು, ಅದಕ್ಕೂ ಒಲ್ಲೆನೆಂದಳು. ಜಗಲಿಯ ಮೇಲಿದ್ದ ಚೀಲ ತೆಗೆದುಕೊಂಡು, ಅಜ್ಜಾರಿಗೆ ಕೈ ಮುಗಿದು, ಸಂಜೆಯ ಬಸ್ಸಿಗೆ ರಸ್ತೆಯ ಕಡೆ ನಡೆದುಹೋದಳು. ಸುಬೋಧ ಗೇಟಿನವರೆಗೂ ಹೋಗಲಿಲ್ಲ. ಆ ಬೆನ್ನನ್ನು ನೋಡುವುದು ಅವನಿಂದಾಗಲಿಲ್ಲ.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಸುಬೋಧ ಬಂದು ಒಂದು ಮೆಟ್ಟಿಲು ಕೆಳಗೆ ಕೂತ. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

“ನಿಮಗ ಆ ಹೆಸರು ನೆನಪಿತ್ತೇನ್ರಿ ಅಜ್ಜಾ?”

“ಇತ್ತು.”

“ಹಂಗಾರ ನನಗ ಯಾಕ ಹೇಳಲಿಲ್ರಿ?”

“ನೀ ನನ್ನ ಕೇಳಿದೇನು?”

ಸುಬೋಧ ತಲೆ ತಗ್ಗಿಸಿದ. ಅಷ್ಟು ಫೈಲು, ಅಷ್ಟು ಮೇಲು, ಅಷ್ಟೂ ವರ್ಷದ ಕಾಗದ ಜಾಲಾಡಿದವನು ಹತ್ತು ಹೆಜ್ಜೆ ನಡೆದು ಜಗಲಿಯ ಮೇಲೆ ಕೂತಿದ್ದ ಮುದುಕನನ್ನು ಒಂದು ಸಲವೂ ಕೇಳಿರಲಿಲ್ಲ.

ಓದು ನಿಲ್ಲಿಸುತ್ತೇನೆಂದಾಗ ತನ್ನನ್ನು ಯಾಕೆ ತಡೆಯಲಿಲ್ಲ ಎಂದು ಕೇಳಿದ. ದನಿಯಲ್ಲಿ ಸ್ವಲ್ಪ ಆಪಾದನೆಯೂ ಇತ್ತು. ಮುಳುಗುವವನು ಯಾರನ್ನಾದರೂ ಹಿಡಿದುಕೊಳ್ಳುತ್ತಾನೆ.

ಅಜ್ಜಾರು ತಪ್ಪಿಸಿಕೊಳ್ಳಲಿಲ್ಲ.

“ನನಗೂ ಬ್ಯಾಸರ ಆಗಿತ್ತಪಾ,” ಎಂದರು. “ದಿನಾ ಮಂದೀ ಅಳು ಕೇಳಿ ಕೇಳಿ ಸಾಕಾಗಿತ್ತು. ನೀ ಬ್ಯಾಡಂದಿ. ನನಗೂ ಹಗರ ಆತು.”

ಗುರುವಿನ ಬಾಯಿಂದ ಈ ಮಾತು ಕೇಳಿ ಸುಬೋಧನಿಗೆ ಇದ್ದ ಒಂದು ಆಸರೆಯೂ ಹೋದಂತಾಯಿತು. ತಾನು ತಪ್ಪಿದರೆ ತಿದ್ದಲು ಅವರಿದ್ದಾರೆಂದು ನಂಬಿದ್ದ. ಅವರೂ ದಣಿದಿದ್ದರು. ಅವನು ಮುಖ ಮುಚ್ಚಿಕೊಂಡ.

ಪ್ರಾಯಶ್ಚಿತ್ತ ಏನೆಂದು ಕೇಳಿದ. ಉಪವಾಸ ಮಾಡುತ್ತೇನೆಂದ, ಮೌನ ಹಿಡಿಯುತ್ತೇನೆಂದ, ಆ ಕಂಪ್ಯೂಟರನ್ನು ತಂದು ಇದೇ ಹೊಳೆಗೆ ಎಸೆಯುತ್ತೇನೆಂದ.

“ಅದೇನ ಮಾಡೈತಿ ಪಾಪ,” ಎಂದರು ಅಜ್ಜಾರು. “ನೀ ಕೇಳಿದ್ದಕ್ಕ ಖರೇನ ಹೇಳೈತಿ.”

ಸುಬೋಧ ಅಳುತ್ತಿದ್ದ. ಅಜ್ಜಾರು ಅಳಲು ಬಿಟ್ಟರು. ಅಳು ಇಳಿದ ಮೇಲೆ ಮೆಲ್ಲಗೆ ಕೇಳಿದರು.

“ಆಕೀಗೆ ಎಲ್ಲಾ ಹೇಳಿದೆಲ್ಲ?”

ಅವನು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡ.

“ಸುಬೋಧ.”

“ಒಂದ ಮಾತು ಹೇಳಲಿಲ್ರಿ.”

ಅಜ್ಜಾರು ಅವನ ಕಡೆ ತಿರುಗಿದರು.

ಅವನು ಹೊಳೆಯನ್ನು ನೋಡುತ್ತಾ ಹೇಳಿದ. ಮಲಗಿದಲ್ಲಿಂದ ನಿಜಾನಂದ ಒಂದು ಸಂಜೆ ಅವನ ಕೈ ಹಿಡಿದುಕೊಂಡಿದ್ದ. ನನ್ನನ್ನು ಕೇಳಿ ಯಾರಾದರೂ ಕಾಗದ ಹಾಕಿದ್ದಾರೆಯೇ, ಸ್ವಲ್ಪ ನೋಡು ಎಂದಿದ್ದ. ಸುಬೋಧ ಓಡಿಹೋಗಿ ಚೌಕದಲ್ಲಿ ನಿಜಾನಂದ ಎಂದು ಹಾಕಿ ನೋಡಿ ಬಂದ. ಇಲ್ಲ ಎಂದ.

ಮರುದಿನವೂ ನಿಜಾನಂದ ಕೇಳಿದ್ದ. ಆ ಹೆಸರಿನಲ್ಲಿ ಇರಲಿಕ್ಕಿಲ್ಲ, ಬೇರೆ ಹೆಸರಿನಲ್ಲಿ ಇರಬಹುದು ಎಂದಿದ್ದ. ಯಾವ ಹೆಸರು ಎಂದು ಸುಬೋಧ ಕೇಳಿದ. ಅವನು ತುಟಿ ತೆರೆದು, ಮತ್ತೆ ಮುಚ್ಚಿಕೊಂಡ. ಪದ್ಧತಿ ಮುರಿಯುವ ಮನಸ್ಸಾಗಲಿಲ್ಲ. ಸುಬೋಧನೂ ಒತ್ತಾಯ ಮಾಡಲಿಲ್ಲ. ಜ್ವರದ ಬಡಬಡಿಕೆಯೆಂದುಕೊಂಡು ಹೊದಿಕೆ ಸರಿಮಾಡಿದ.

“ಕಡೀಗೆ ಒಂದ ಮಾತಂದನ್ರಿ ಅಜ್ಜಾ.” ಸುಬೋಧ ಮೆಟ್ಟಿಲ ಅಂಚು ಹಿಡಿದುಕೊಂಡ. “ಅಕ್ಕ ಬರತಾಳ, ಬಾಗಿಲ ಹಾಕಬ್ಯಾಡ ಅಂದ.”

ಅಜ್ಜಾರ ಬಡಿಗೆ ಮೆಟ್ಟಿಲ ಮೇಲೆ ಸರಿದು ಸದ್ದಾಯಿತು.

“ಬಾಗಿಲ ಹಾಕಿದೇನು?”

“ಮಳಿ ಹೊಡೀತಿತ್ತು. ಹಾಕಿದ್ನಿರಿ.”

ಆಚೆ ದಂಡೆಯಲ್ಲಿ ಯಾರೋ ಎಮ್ಮೆಗಳನ್ನು ನೀರಿನಿಂದ ಎಬ್ಬಿಸಿಕೊಂಡು ಹೋಗುತ್ತಿದ್ದರು.

“ಇದನ್ನ ಹೆಂಗ ಹೇಳಲ್ರಿ ಆಕೀಗೆ?” ಎಂದ ಸುಬೋಧ. “ಸಿಟ್ಟಿಲ್ಲ ಅಂತ ಹೇಳಬೇಕಂದ್ರ, ದಾರಿ ಕಾಯತಿದ್ದ ಅಂತನೂ ಹೇಳಬೇಕು. ದಾರಿ ಕಾಯತಿದ್ದ ಅಂದ್ರ ಆಕೀ ಬದುಕತಾಳೇನ್ರಿ? ನನ್ನ ಮಾರಿ ನೋಡತಾಳೇನ್ರಿ? ಅದಕ್ಕ ಏನೂ ಅನ್ನಲಿಲ್ಲ ಅಂತ ಹೇಳಿ ಕಳಿಸಿಬಿಟ್ಟೆ.”

ಅಜ್ಜಾರು ಕತ್ತು ತಿರುಗಿಸಿ ರಸ್ತೆಯ ಕಡೆ ನೋಡಿದರು. ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಬಸ್ಸು ಇನ್ನೂ ಬಂದಿಲ್ಲ,” ಎಂದರು.